ಪಟ್ಟಿಯಲ್ಲಿ ನನ್ನ ಅಕ್ಕ ಇಲ್ಲ

(ವೇಣೂರಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತು)



ಬ್ರಾಂಚಿಗೆ ಬೀಡಿ ಕೊಟ್ಟು, ಮಕ್ಕಳಿಗೆ ಊಟ ಹಾಕಿ, ಬಿಡುವು ಮಾಡಿಕೊಂಡು ಬಂದಿದ್ದೀರಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಹಾಗಾಗಿ ಇವತ್ತು ಒಂದು ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇನೆ.

ಹೈಸ್ಕೂಲು ಟೀಚರುಗಳಲ್ಲಿ ಕೆಲಸಕ್ಕೆ ಬೇಕಾದಷ್ಟು ಓದಿದವರು ಎಷ್ಟು ಮಂದಿ ಎಂದು ವಿಶ್ವಸಂಸ್ಥೆಯ ಯುನೆಸ್ಕೋ ದೇಶದೇಶಗಳಿಂದ ಅಂಕಿಅಂಶ ತರಿಸುತ್ತದೆ. ಹೆಂಗಸರಲ್ಲಿ ನೂರಕ್ಕೆ ಎಷ್ಟು, ಗಂಡಸರಲ್ಲಿ ನೂರಕ್ಕೆ ಎಷ್ಟು ಎಂದು ನೋಡಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತಾರೆ. ಉತ್ತರ 1 ಬಂದರೆ ಸಮ. ಕಡಿಮೆ ಬಂದರೆ ಹೆಂಗಸರು ಹಿಂದೆ ಎಂದರ್ಥ.

ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳಿ. ಹತ್ತು ಮಂದಿ ಮಾಸ್ಟ್ರು, ಒಬ್ಬರೇ ಟೀಚರು. ಹನ್ನೊಂದು ಮಂದಿಗೂ ಬಿ.ಎಡ್. ಆಗಿದೆ. ಉತ್ತರ 1! ಒಬ್ಬರೇ ಯಾಕೆ ಎಂದು ಆ ಲೆಕ್ಕ ಕೇಳುವುದಿಲ್ಲ. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕದ ಅನೇಕ ದೇಶಗಳಲ್ಲಿ ಹೈಸ್ಕೂಲು ಕಲಿಸುವ ಹೆಂಗಸರು ಅರ್ಧಕ್ಕಿಂತ ಎಷ್ಟೋ ಕಡಿಮೆ. ಇನ್ನೊಂದು ತೊಡಕೂ ಇದೆ. ಫಿನ್‌ಲ್ಯಾಂಡಿನಲ್ಲಿ ಈ ಕೆಲಸಕ್ಕೆ ಸ್ನಾತಕೋತ್ತರ ಪದವಿ ಬೇಕು. ನಮ್ಮಲ್ಲಿ ಪದವಿ, ಅದರ ಮೇಲೆ ಬಿ.ಎಡ್. ಅಲ್ಲಿನ 1 ಬೇರೆ, ಇಲ್ಲಿನ 1 ಬೇರೆ.

ಈಗ ನಮ್ಮ ಮನೆಯ ಲೆಕ್ಕ. ನಾವು ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಬಿ.ಎಸ್ಸಿ. ಅಕ್ಕನಿಗೆ ಬಿ.ಎಡ್. ಸೀಟು ಸಿಕ್ಕಿದ ವರ್ಷವೇ ಸಂಬಂಧ ಕೂಡಿಬಂತು. ಕೇಳಿದ ಬಂಗಾರ ಹೊಂದಿಸುವಾಗ ಫೀಸಿನ ಹಣವೂ ಅದಕ್ಕೇ ಹೋಯಿತು. "ಗಂಡನ ಮನೆಯವರು ಓದಿಸುತ್ತಾರೆ" ಎಂದರು ಅಪ್ಪ. ಯಾರೂ ಓದಿಸಲಿಲ್ಲ. ಪೆಟ್ಟು ತಿಂದ ದಿನವೂ ಅವಳು ಆ ಮನೆ ಬಿಡಲಿಲ್ಲ. ಬಿಟ್ಟರೆ ಊಟಕ್ಕೇನು? ಯಾವ ದೇಶದ ಪಟ್ಟಿಯಲ್ಲೂ ನನ್ನ ಅಕ್ಕ ಇಲ್ಲ. ಶಾಲೆಯ ಒಳಗೆ ಬಂದವರನ್ನು ಮಾತ್ರ ಅಲ್ಲಿ ಎಣಿಸುತ್ತಾರೆ.

ಬಿ.ಎಡ್. ಮಾಡಿದ ನಾನು ಪಾರಾದೆನೇ? ಅದೂ ಇಲ್ಲ. ಸಂಬಳದ ಹುಡುಗಿ ಎಂದು ಬೇಡಿಕೆ ಬಂತೇ ಹೊರತು ವರದಕ್ಷಿಣೆ ತಪ್ಪಲಿಲ್ಲ. ಸಂಬಳವೆಲ್ಲ ಅತ್ತೆಯ ಕೈಗೆ. ಆದರೆ ಸಾಕು ಅನಿಸಿದ ದಿನ ನನ್ನದೇ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದೆ. ಅಕ್ಕನಿಗೆ ಖಾತೆಗೆ ಹಾಕಲು ಏನಿತ್ತು?

ಅಳಿಯಕಟ್ಟಿನ ಕುಟುಂಬಗಳಲ್ಲಿ ಹೆಣ್ಣಿನಿಂದಲೇ ಮನೆತನ ನಡೆದ ನಾಡು ಇದು. ಇಲ್ಲಿಗೂ ಈ ಪಿಡುಗು ಬಂತು. 1961ರ ಕಾಯ್ದೆಯಂತೆ ವರದಕ್ಷಿಣೆ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. 2005ರ ಕಾಯ್ದೆಯಂತೆ ಹೊಡೆತ ಮಾತ್ರವಲ್ಲ, ಹೆಂಗಸಿನ ಸ್ತ್ರೀಧನ ಕಿತ್ತುಕೊಳ್ಳುವುದೂ ಕೌಟುಂಬಿಕ ಹಿಂಸೆಯೇ. ಆದರೆ ಕಾಯ್ದೆ ಬಂದು ಮಗಳ ಫೀಸು ಕಟ್ಟುವುದಿಲ್ಲ. ಅಕ್ಕನ ಕಾಲದಲ್ಲಿ ಒಂದು ವರ್ಷವಿದ್ದ ಬಿ.ಎಡ್. 2015ರಲ್ಲಿ ಎರಡು ವರ್ಷಕ್ಕೆ ಏರಿತು. ಫೀಸೂ ಎರಡು ವರ್ಷದ್ದು, "ಮದುವೆ ಯಾವಾಗ" ಎಂದು ಕೇಳುವವರ ಬಾಯಿ ಮುಚ್ಚಿಸಬೇಕಾದದ್ದೂ ಎರಡು ವರ್ಷ.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಸಂಘದ ಸಾಲದ ಪುಸ್ತಕ ತೆಗೆಯಿರಿ. ಮಗಳ ಓದಿಗೆ ಕೊಟ್ಟ ಸಾಲ ಎಷ್ಟು, ಮದುವೆಗೆ ಕೊಟ್ಟದ್ದು ಎಷ್ಟು, ಬರೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದ ಉತ್ತರವನ್ನು ಮುಂದಿನ ವಾರದ ಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಿ. ವರದಕ್ಷಿಣೆಗೆಂದು ಗೊತ್ತಾದ ಸಾಲಕ್ಕೆ ನಾವು ಸಹಿ ಹಾಕುವುದಿಲ್ಲ, ಬಿ.ಎಡ್. ಫೀಸಿಗೆ ಮೊದಲು ಕೊಡುತ್ತೇವೆ ಎಂದು ಅಂದೇ ನಿರ್ಣಯ ಬರೆಯಿರಿ.