ಎದೆ ಹೊಡೆದುಕೊಳ್ಳುವುದು ಹೇಡಿತನವಲ್ಲ
(ಜಾವಳಿಯಲ್ಲಿ ನಡೆದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹೇಮಾವತಿ ಹುಟ್ಟುವ ಊರಿಗೆ ಕರೆಸಿ, ಆತಂಕದ ಬಗ್ಗೆ ಮಾತನಾಡಿ ಎಂದಿರಿ. ಭಯವೆಂದರೇನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕಾಫಿ ತೋಟದಲ್ಲಿ ಕೊಂಬೆ ಮುರಿದ ಸದ್ದಾದರೆ ಸಾಕು, ಆನೆಯೋ ಗಾಳಿಯೋ ಎಂದು ಯೋಚಿಸುವ ಮೊದಲೇ ಕಾಲು ಓಡಲು ಸಿದ್ಧವಾಗಿರುತ್ತದೆ. ಎದೆ ಡವಡವ ಎನ್ನುತ್ತದೆ, ಬಾಯಿ ಒಣಗುತ್ತದೆ. ಆಗ ನಿಮ್ಮನ್ನು ಯಾರೂ ಹೇಡಿ ಎನ್ನುವುದಿಲ್ಲ. ಗಂಡನ ಹೆಜ್ಜೆ ಸದ್ದಿಗೆ ಅದೇ ಎದೆ ಹಾಗೆಯೇ ಹೊಡೆದುಕೊಂಡರೆ ಮಾತ್ರ 'ಇವಳ ಮನಸ್ಸು ದುರ್ಬಲ' ಎನ್ನುತ್ತಾರೆ. ಇದು ಯಾವ ನ್ಯಾಯ?

ಮಿದುಳಿನೊಳಗೆ ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಬೀಜದಂಥ ಎರಡು ಪುಟ್ಟ ಭಾಗಗಳಿವೆ. ಹೆಸರು ಅಮಿಗ್ಡಲಾ. ಅವು ಮನೆ ಕಾಯುವ ನಾಯಿಯಂತೆ. ಅಪಾಯದ ಸುಳಿವು ಸಿಕ್ಕೊಡನೆ ಬೊಗಳುತ್ತವೆ. ಆ ಸುದ್ದಿ ನರಗಳ ಮೂಲಕ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಗೆ ಮುಟ್ಟುತ್ತದೆ. ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ, ಬೆವರು, ನಡುಕ ಎಲ್ಲ ಅದರ ಕೆಲಸ. ಹಣೆಯ ಹಿಂದಿರುವ ಮಿದುಳಿನ ಭಾಗ ಮನೆಯ ಯಜಮಾನಿ ಇದ್ದಂತೆ. ಅವಳು ಹೊರಗೆ ಬಂದು ನೋಡಿ, ಏನೂ ಇಲ್ಲದಿದ್ದರೆ ನಾಯಿಯನ್ನು ಸುಮ್ಮನಾಗಿಸಬೇಕು. ದಿನವೂ ಪೆಟ್ಟು ಬೀಳುವ ಮನೆಯಲ್ಲಿ ನಾಯಿ ಬೊಗಳುವುದನ್ನು ನಿಲ್ಲಿಸುವುದಿಲ್ಲ. ಯಜಮಾನಿಯ ಮಾತು ಅದಕ್ಕೆ ಕೇಳಿಸುವುದೂ ಇಲ್ಲ. ನಿದ್ದೆ ಬಾರದು, ಊಟ ಸೇರದು, ಇಟ್ಟ ವಸ್ತು ಮರೆತುಹೋಗುತ್ತದೆ.

ನಾನು ಮೂವತ್ತು ವರ್ಷ ಪ್ರಾಣಿಶಾಸ್ತ್ರದ ಪಾಠ ಹೇಳಿದವಳು. ಕರಿಹಲಗೆಯ ಮೇಲೆ ಆ ಗ್ರಂಥಿಯ ಚಿತ್ರ ಎಷ್ಟು ಸಲ ಬರೆದೆನೋ! ಸಂಜೆ ಮನೆಯ ಗೇಟಿನ ಚಿಲಕ ಸದ್ದಾದರೆ ನನ್ನದೇ ಕೈ ನಡುಗುತ್ತಿತ್ತು. ತವರಿನಿಂದ ಬಾರದ ಹಣದ ಮಾತು ಇವತ್ತೂ ಏಳುತ್ತದೆಯೇ ಎಂಬ ದಿಗಿಲು. ಪಾಠದ ಗ್ರಂಥಿಗೂ ನನ್ನ ನಡುಕಕ್ಕೂ ಸಂಬಂಧವಿದೆ ಎಂದು ಹೊಳೆಯಲಿಲ್ಲ. ಹೃದಯದ ಕಾಯಿಲೆ ಎಂದುಕೊಂಡು ಇಸಿಜಿ ಮಾಡಿಸಿದೆ. ಎಲ್ಲ ಸರಿಯಿದೆ ಎಂದರು. ಮನೆಯಲ್ಲಿ ಹೇಗಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಯಜಮಾನರು ತೀರಿಕೊಂಡು ಒಂಬತ್ತು ವರ್ಷವಾಯಿತು. ಕಳೆದ ಮಳೆಗಾಲದಲ್ಲಿ ಗಾಳಿಗೆ ಗೇಟು ಬಡಿದಾಗಲೂ ಬೆವೆತುಹೋದೆ.

ಆದ್ದರಿಂದ ಎರಡು ಬಗೆಯ ಭಯವನ್ನು ಬೇರೆ ಮಾಡಿ ನೋಡಬೇಕು. ಅಪಾಯ ಹೋದ ಮೇಲೂ ಉಳಿಯುವ ಭಯ ಒಂದು. ಇದಕ್ಕೆ ಅಭ್ಯಾಸವೇ ಮದ್ದು. ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ನಿಧಾನ ಬಿಡಿ. ಐದು ನಿಮಿಷ ಸಾಕು. ಉದ್ದನೆಯ ನಿಶ್ವಾಸ ಎದೆಬಡಿತವನ್ನು ಇಳಿಸುತ್ತದೆ. ಹೆದರಿಸುವ ವಸ್ತುವಿನಿಂದ ಸದಾ ದೂರವಿದ್ದರೆ ಭಯ ಬೆಳೆಯುತ್ತದೆ. ನಾನು ದಿನಾ ಸಂಜೆ ಆ ಚಿಲಕವನ್ನು ನನ್ನ ಕೈಯಿಂದಲೇ ಹತ್ತು ಸಲ ತೆಗೆದು ಹಾಕಿದೆ. ಈಗ ಅದು ಬರೀ ಚಿಲಕ. ಇಷ್ಟಕ್ಕೂ ಕಡಿಮೆಯಾಗದಿದ್ದರೆ ವೈದ್ಯರಿದ್ದಾರೆ. ರಕ್ತಹೀನತೆ, ಥೈರಾಯಿಡ್ ತೊಂದರೆಯಿಂದಲೂ ಎದೆ ಹೊಡೆದುಕೊಳ್ಳಬಹುದು, ಪರೀಕ್ಷಿಸಿಕೊಳ್ಳಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಉಚಿತವಾಗಿ ಸಲಹೆ ಸಿಗುತ್ತದೆ.

ಅಪಾಯ ಮನೆಯಲ್ಲೇ ಇದ್ದರೆ? ಆ ಭಯ ರೋಗವಲ್ಲ, ಸರಿಯಾದ ಎಚ್ಚರಿಕೆ. ಅಲ್ಲಿ ಉಸಿರು ಎಣಿಸಿ ಸಹಿಸಿಕೊಳ್ಳಿ ಎಂದು ನಾನು ಹೇಳಲಾರೆ. ಆನೆಯ ಎದುರು ನಿಂತು ಧ್ಯಾನ ಮಾಡುವವರುಂಟೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಕಂಡವರು. ಇಷ್ಟೊಂದು ಜನರ ಮನಸ್ಸು ದುರ್ಬಲವೇ? 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ನಿಮಗೆ ರಕ್ಷಣೆಯ ಆದೇಶ ಕೇಳುವ, ಅದೇ ಮನೆಯಲ್ಲಿ ವಾಸಿಸುವ ಹಕ್ಕು ಕೊಟ್ಟಿದೆ. 181 ಮಹಿಳಾ ಸಹಾಯವಾಣಿ, 112 ತುರ್ತು ಕರೆ. ಈ ಸಂಖ್ಯೆಗಳು ಬಾಯಿಪಾಠವಿರಲಿ. ಪಾಸ್‌ಬುಕ್, ಆಧಾರ್, ರೇಷನ್ ಕಾರ್ಡುಗಳ ಪ್ರತಿ ನಂಬಿಕೆಯ ಸದಸ್ಯೆಯೊಬ್ಬಳ ಮನೆಯಲ್ಲಿರಲಿ.

ಆನೆ ಬಂದಿದೆಯೆಂದರೆ 'ಒಬ್ಬಳೇ ಹೋಗಬೇಡ, ಜೊತೆಗೆ ಬರುತ್ತೇವೆ' ಎನ್ನುವ ಊರು ನಿಮ್ಮದು. ಮನೆಯೊಳಗಿನ ಭಯಕ್ಕೂ ಅದೇ ಮಾತು ಹೇಳಿ. ವಾರದ ಸಭೆಯಲ್ಲಿ ಸಾಲದ ಕಂತು ಕೇಳಿದ ಮೇಲೆ, ಮುಖ ಬಾಡಿದವಳನ್ನು ಪಕ್ಕಕ್ಕೆ ಕರೆದು ಇನ್ನೊಂದು ಪ್ರಶ್ನೆ ಕೇಳಿ: 'ರಾತ್ರಿ ನಿದ್ದೆ ಬಂತೇನೇ?' ನನ್ನನ್ನು ಆಗ ಯಾರಾದರೂ ಹಾಗೆ ಕೇಳಿದ್ದರೆ, ಬಾಯಿ ಬಿಡುತ್ತಿದ್ದೆನೇನೋ.