ಹೆಣಗಳ ನಡುವೆ ಕಾಲ್ನಡಿಗೆ

ಕೆರೆ ಏರಿಯ ಮೇಲಿನ ವೀರಗಲ್ಲಿಗೆ ಈ ವಾರ ಯಾರೋ ಹೊಸದಾಗಿ ಅರಿಸಿನ ಕುಂಕುಮ ಹಚ್ಚಿ, ಕಣಗಿಲೆ ಹೂ ಇಟ್ಟಿದ್ದರು. ಅಂಥ ಕಲ್ಲು ನಿಮ್ಮೂರಲ್ಲೂ ಇದ್ದೀತು. ಕೆಳಗಿನ ಸಾಲಿನಲ್ಲಿ ಕತ್ತಿ, ಗುರಾಣಿ, ಕಾದಾಟ. ಅದರ ಮೇಲೆ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಿದ್ದಾರೆ. ಇನ್ನೂ ಮೇಲೆ ಅವನು ಲಿಂಗದ ಎದುರು ಕೈಮುಗಿದು ಕೂತಿದ್ದಾನೆ. ಕಾದಾಟಕ್ಕೂ ಸ್ವರ್ಗಕ್ಕೂ ನಡುವೆ ಎರಡು ಬೆರಳಗಲದ ಬರಿಯ ಕಲ್ಲಿನ ಪಟ್ಟಿ. ಬಿದ್ದವನು ಬಿದ್ದಲ್ಲೇ ಇದ್ದ ಹೊತ್ತನ್ನು ಕಲ್ಲುಕುಟಿಗ ಕಡೆಯಲಿಲ್ಲ.

ಆ ಹೊತ್ತನ್ನು ಬರೆದವನು ರನ್ನ. ಮುಧೋಳದ ಬಳೆಗಾರರ ಮನೆಯ ಹುಡುಗ, ಚಾಲುಕ್ಯರ ಆಸ್ಥಾನಕ್ಕೆ ಬಂದು ಕವಿಚಕ್ರವರ್ತಿ ಅನ್ನಿಸಿಕೊಂಡವನು. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ‘ಗದಾಯುದ್ಧ’ ಬರೆದ. ಕಾವ್ಯಕ್ಕೆ ‘ಸಾಹಸಭೀಮವಿಜಯ’ ಎಂಬ ಹೆಸರೂ ಇದೆ. ಹೆಸರಿನಲ್ಲೇ ಗೆದ್ದವನು ಯಾರೆಂದು ಹೇಳಿಯಾಯಿತು. ಆದರೂ ಕಾವ್ಯ ಓದಿದವರಿಗೆ ಬಹುಕಾಲ ನೆನಪಿನಲ್ಲಿ ಉಳಿಯುವವನು ಸೋಲಲಿರುವ ದುರ್ಯೋಧನ, ಅದರಲ್ಲೂ ರಣರಂಗದಲ್ಲಿ ನಡೆದು ಹೋಗುವ ದುರ್ಯೋಧನ.

ಭೀಷ್ಮರನ್ನು ಕಾಣಲು ಹೊರಟಿದ್ದಾನೆ. ಜೊತೆಗೆ ಸಂಜಯನೊಬ್ಬನೇ. ಹನ್ನೊಂದು ಅಕ್ಷೌಹಿಣಿ ಸೇನೆಯ ಒಡೆಯನಾಗಿದ್ದವನು ಹೆಣಗಳನ್ನು ಎಡವುತ್ತ, ನೆತ್ತರಿನ ಕೆಸರಿನಲ್ಲಿ ದಾರಿ ಹುಡುಕುತ್ತ ಹೋಗಬೇಕು. ಯುದ್ಧ ಹೇಗಿರುತ್ತದೆ ಎಂಬುದನ್ನು ರನ್ನ ಇಲ್ಲಿ ಅರಸನ ಪಾದಗಳಿಂದ ಹೇಳಿಸುತ್ತಾನೆ. ಕತ್ತಿಗೆ ಕತ್ತಿ ತಾಗುವ ಸದ್ದನ್ನು ಯಾವ ಕವಿಯಾದರೂ ಕೇಳಿಸಬಲ್ಲ. ಆದರೆ ಮುಂದಿನ ಹೆಜ್ಜೆ ಎಲ್ಲಿಡಲಿ ಎಂದು ನೆಲ ನೋಡಿ ನಡೆಯುವ ಕಷ್ಟ ಅದನ್ನು ಪಟ್ಟವನಿಗೆ ಮಾತ್ರ ಗೊತ್ತು. ಕಾಲಾಳುಗಳಿಗೆ ಅದು ಮೊದಲ ದಿನವೇ ಗೊತ್ತಾಗಿರುತ್ತದೆ, ಅರಸನಿಗೆ ಕೊನೆಯ ದಿನ.

ಇದು ಚಂಪೂಕಾವ್ಯ, ಗದ್ಯ ಪದ್ಯ ಎರಡೂ ಬೆರೆತದ್ದು. ನನ್ನ ಕಿವಿಗೆ ಗದ್ಯದಲ್ಲಿ ಅವನು ನಡೆಯುತ್ತಿರುವಂತೆ, ಪದ್ಯ ಬಂದಾಗ ನಿಂತುಬಿಟ್ಟಂತೆ ಕೇಳಿಸುತ್ತದೆ. ಯಾಕೆಂದರೆ ಪದ್ಯ ಬರುವಲ್ಲಿ ಗುರುತಿನ ಮುಖವೊಂದು ಕಂಡಿರುತ್ತದೆ. ಅಲ್ಲಿಯವರೆಗೆ ಅಕ್ಷೌಹಿಣಿಯ ಲೆಕ್ಕ, ಅಲ್ಲಿಂದ ಒಬ್ಬೊಬ್ಬರೇ.

ಮೊದಲು ಗುರು ದ್ರೋಣ. ಆಮೇಲೆ ಅಭಿಮನ್ಯು. ಇಲ್ಲಿ ಸ್ವಲ್ಪ ನಿಲ್ಲಬೇಕು. ಅಭಿಮನ್ಯು ಶತ್ರುವಿನ ಮಗ. ಅಷ್ಟೇ ಆಗಿದ್ದರೆ ಹೊಗಳುವುದು ಇಷ್ಟು ಕಷ್ಟವಲ್ಲ. ಮಹಾಭಾರತದ ಕಥೆಯಂತೆ ದುರ್ಯೋಧನನ ಮಗ ಲಕ್ಷಣಕುಮಾರನನ್ನು ಕೊಂದವನೂ ಈ ಹುಡುಗನೇ. ತನ್ನ ಮಗನನ್ನು ಕೊಂದವನ ಎದುರು ನಿಂತು ದುರ್ಯೋಧನ ಅವನ ತಾಯಿಯನ್ನು ನೆನೆಯುತ್ತಾನೆ, ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ, ನನಗೂ ಇಂಥದೇ ಸಾವು ಬರಲಿ ಎಂದು ಬೇಡುತ್ತಾನೆ. ಅದಾದ ಮೇಲೆ ಸ್ವಂತ ಮಗನ ಹೆಣ. ಅಪ್ಪನಿಗೆ ಮಗ ತರ್ಪಣ ಬಿಡುವುದು ಲೋಕದ ಕ್ರಮ, ಅದು ತಲೆಕೆಳಗಾಯಿತಲ್ಲ ಎಂದು ಅಳುತ್ತಾನೆ. ಮುಂದೆ ಭೀಮ ಎದೆ ಬಗೆದ ದುಶ್ಯಾಸನ. ಅಲ್ಲಿಯೂ ಅದೇ ಅಳಲು. ತಾಯ ಹಾಲನ್ನು ಮೊದಲು ಕುಡಿದವನು ನಾನು, ನನ್ನ ನಂತರ ನೀನು. ಎಲ್ಲದರಲ್ಲೂ ನಾನು ಮುಂದು, ಸಾವಿನಲ್ಲಿ ಮಾತ್ರ ನೀನು ಸರದಿ ತಪ್ಪಿಸಿದೆ ಎನ್ನುತ್ತಾನೆ. ಅಷ್ಟು ನೆತ್ತರು ಚೆಲ್ಲಿರುವ ಕಡೆ ನಿಂತು ಎದೆಹಾಲನ್ನು ನೆನೆಯುವ ಧೈರ್ಯ ರನ್ನನಿಗಿದೆ. ದೊಡ್ಡ ಮಾತುಗಳೆಲ್ಲ ಆ ಹೊತ್ತಿಗೆ ದುರ್ಯೋಧನನಿಗೆ ಸಾಲುವುದಿಲ್ಲ. ಅಣ್ಣ ಮೊದಲು, ತಮ್ಮ ಆಮೇಲೆ ಎಂಬ ಮನೆಯೊಳಗಿನ ಲೆಕ್ಕವೊಂದೇ ಅವನ ಬಾಯಿಗೆ ಬರುತ್ತದೆ. ಆಚೆಗೆ ಕರ್ಣನೂ ಇದ್ದಾನೆ. ಆ ದುಃಖಕ್ಕೆ ಇನ್ನೊಂದು ಬೆಳಗು ಬೇಕು.

ರನ್ನನಿಗೆ ಇದೆಲ್ಲ ಹೇಗೆ ತಿಳಿಯಿತು? ಯುದ್ಧ ಕಳೆದ ಮೇಲಿನ ಮನೆಗಳನ್ನು ಅವನು ಹತ್ತಿರದಿಂದ ಬಲ್ಲವನು ಎಂದಷ್ಟೇ ಹೇಳಬಹುದು. ಅವನಿಂದ ‘ಅಜಿತಪುರಾಣ’ ಬರೆಸಿದ ಅತ್ತಿಮಬ್ಬೆಯ ಗಂಡ ನಾಗದೇವ ಚಾಲುಕ್ಯರ ದಂಡನಾಯಕ. ಅವನು ತೀರಿಕೊಂಡಾಗ ಅವಳ ತಂಗಿ, ಸವತಿಯೂ ಆಗಿದ್ದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಆ ತಾಯಿಯ ಮೇಲಿನ ಗೌರವಕ್ಕೆ ರನ್ನ ತನ್ನ ಮಗಳಿಗೆ ಅವಳ ಹೆಸರನ್ನೇ ಇಟ್ಟ.

ಇನ್ನೊಂದು ವಿಚಾರ ನನ್ನನ್ನು ಕಾಡುತ್ತದೆ. ಸತ್ಯಾಶ್ರಯನ ಸುತ್ತ ಇದ್ದವರಲ್ಲಿ ಎಷ್ಟೋ ಮಂದಿ ಚೋಳರೊಡನೆಯೋ ಪರಮಾರರೊಡನೆಯೋ ಕಾದಿ ಬಂದವರಾಗಿದ್ದಿರಬೇಕು. ಭೀಮನ ಗದೆ ತೊಡೆಗೆ ಬಿದ್ದಾಗ ಅವರು ಭಲೇ ಎಂದಿರಬಹುದು. ಹೆಣ ಎಡವಿ ನಡೆಯುವ ಈ ಭಾಗ ಕಿವಿಗೆ ಬಿದ್ದಾಗ ಅವರಲ್ಲಿ ಯಾರಿಗೆ ಯಾವ ಊರಿನ ಬಯಲು ನೆನಪಾಯಿತೋ, ಯಾವ ತಮ್ಮನ ಮುಖ ಕಣ್ಣಿಗೆ ಬಂತೋ. ಕಾವ್ಯಕ್ಕೆ ಅವರು ಏನು ಹೇಳಿದರೆಂದು ಕೇಳಲು ನನಗೆ ಬಹಳ ಆಸೆ.