ಮೊದಲು ಬಂದ ವಾಸನೆ



ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಓದಿದ್ದು ಮೆಟ್ರಿಕ್. ಬಹಳ ಕಾಲ ಕ್ಯಾಶ್ ಕೌಂಟರಿನಲ್ಲಿ ಕೂತವನು. ಅಂಗೈಯಲ್ಲಿ ಹತ್ತು ನಾಣ್ಯವಿದ್ದು ಒಂದನ್ನು ತೆಗೆದರೆ ಕೈಗೆ ಗೊತ್ತಾಗುತ್ತಿತ್ತು. ನೂರು ನಾಣ್ಯದ ಚೀಲದಲ್ಲಿ ಒಂದು ಕಡಿಮೆಯಾದರೆ ಗೊತ್ತಾಗುತ್ತಿರಲಿಲ್ಲ. ನಾಣ್ಯ ಅದೇ, ಕೈಯೂ ಅದೇ. ಹಾಗಾದರೆ ಯಾಕೆ ಹೀಗೆ?

ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅರ್ನ್ಸ್ಟ್ ಹೈನ್ರಿಚ್ ವೇಬರ್ 1834ರಲ್ಲಿ ಇದರ ಲೆಕ್ಕ ಕೊಟ್ಟರು. ಕೈಯಲ್ಲಿ ಎತ್ತಿ ನೋಡುವಾಗ ಸುಮಾರು 40ರಲ್ಲಿ 1 ಪಾಲಿನಷ್ಟಾದರೂ ವ್ಯತ್ಯಾಸ ಬೇಕು. 400 ಗ್ರಾಮಿಗೆ 10 ಗ್ರಾಂ ಸಾಕು. 4 ಕಿಲೋ ಹೊರೆಗೆ 100 ಗ್ರಾಂ ಬೇಕು. ಅಂದರೆ ನಮ್ಮ ಇಂದ್ರಿಯಗಳು ತಕ್ಕಡಿಯಲ್ಲ. ಮೊದಲೇ ಇದ್ದುದರ ಎದುರು ಹೊಸದಾಗಿ ಬಂದದ್ದು ಎಷ್ಟು ಎಂದಷ್ಟೇ ಅವು ನೋಡುತ್ತವೆ.

ಅವುಗಳಿಗೆ ಇನ್ನೊಂದು ಗುಣವಿದೆ. ಬದಲಾಗದೆ ನಿಂತದ್ದನ್ನು ಬೇಗ ಮರೆಯುತ್ತವೆ. ಬೆರಳಿನ ಉಂಗುರ ನಿಮಗೆ ಈಗ ನೆನಪಿತ್ತೇ? ಇದು ಒಳ್ಳೆಯದೇ; ಹೊಸದರ ಕಡೆಗೆ ಗಮನ ಕೊಡಲು ಅನುಕೂಲ. ಆದರೆ ಇದರಲ್ಲಿ ಅಪಾಯವೂ ಇದೆ.

ಒಂದು ಸಂಜೆ ನಾನು ಪೇಟೆಯಿಂದ ಮನೆಗೆ ಬಂದಾಗ ಬಾಗಿಲಲ್ಲೇ ಗ್ಯಾಸಿನ ವಾಸನೆ. ನನ್ನಾಕೆ ಅಡುಗೆ ಮನೆಯಲ್ಲಿ ಮೆಟ್ಟುಕತ್ತಿಯ ಮುಂದೆ ಕೂತು ಸೌತೆಕಾಯಿ ಕೊರೆಯುತ್ತಿದ್ದಳು.

"ವಾಸನೆಯಾ? ಆಗ ಸ್ವಲ್ಪ ಬಂದ ಹಾಗಿತ್ತು. ಈಗ ಇಲ್ಲವಲ್ಲ," ಎಂದು ಲೈಟು ಹಾಕಲು ಎದ್ದಳು. ನಾನು ಬೊಬ್ಬೆ ಹಾಕಿ ತಡೆದೆ. ಹೋದದ್ದು ಗ್ಯಾಸಲ್ಲ. ಅವಳ ಮೂಗು ಅದಕ್ಕೆ ಒಗ್ಗಿಹೋಗಿತ್ತು.

ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬಹುದು. ಸೋರಿದರೆ ತಿಳಿಯಲೆಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸುತ್ತಾರೆ. ಈ ಅನಿಲ ಗಾಳಿಗಿಂತ ಭಾರ. ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಒಂದು ಕಿಡಿ ಸಾಕು.

ಆದ್ದರಿಂದ ಮೊದಲು ಬಂದ ವಾಸನೆಯನ್ನೇ ನಂಬಿ. ಅದು ಕಡಿಮೆಯಾಯಿತೆಂದು ಸುಮ್ಮನಾಗಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಬೆಂಕಿಕಡ್ಡಿ ಗೀರಬೇಡಿ. ಮನೆಯವರೆಲ್ಲ ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಹೊರಗಿನಿಂದ ಬಂದವರು "ಏನೋ ವಾಸನೆ" ಎಂದರೆ ತಳ್ಳಿಹಾಕಬೇಡಿ.

ನಮ್ಮ ಊರಿನಲ್ಲಿ ಒಂದು ಮನೆಯವರು ವಾಸನೆ ಎಂದರೆ ಪಕ್ಕದ ಮನೆಯವರು ಮಣಂ ಎನ್ನುತ್ತಾರೆ. ಮಾತು ಎರಡಾದರೂ ಮೂಗಿನ ಗುಣ ಒಂದೇ. ನೆರೆಮನೆಯವರಿಗೂ ಇದನ್ನು ಅವರ ಭಾಷೆಯಲ್ಲಿ ಹೇಳಿಬಿಡಿ.